ಗಾಜಿನ ನಂಬರ್ ಆಮೇಲೆ, ಮೊದಲು ನೀರಿನ ದಪ್ಪ

ಪ್ರಶ್ನೆ: ನಾನು ಕಟಪಾಡಿ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹಳೆ ವಿದ್ಯಾರ್ಥಿಗಳು ಸೇರಿ ಶಾಲೆಗೆ ಒಂದು ಒಳ್ಳೆ ಮೈಕ್ರೋಸ್ಕೋಪ್ ಕೊಟ್ಟಿದ್ದಾರೆ. 4, 10, 40, 100 ಎಕ್ಸ್ (ಅಷ್ಟು ಪಟ್ಟು ದೊಡ್ಡದು ಮಾಡುವ) ಲೆನ್ಸ್‌ಗಳಿವೆ. ಕೆರೆ ನೀರಿನ ಜೀವಿಗಳನ್ನು ಜೀವಂತವಾಗಿ ಮಕ್ಕಳಿಗೆ ತೋರಿಸಬೇಕೆಂದು ಆಸೆ. ಆನ್‌ಲೈನಲ್ಲಿ ಪ್ಲಾಸ್ಟಿಕ್ ಕವರ್ ಸ್ಲಿಪ್ (ಸ್ಲೈಡಿನ ಹನಿಯ ಮೇಲೆ ಮುಚ್ಚುವ ತೆಳು ಬಿಲ್ಲೆ) ಮತ್ತು ನಡುವೆ ಗುಂಡಿ ಇರುವ ಸ್ಲೈಡ್ ತರಿಸಿದೆ. 10 ಎಕ್ಸ್‌ನಲ್ಲಿ ಪರವಾಗಿಲ್ಲ, 40ಕ್ಕೆ ಹೋದರೆ ಎಲ್ಲ ಮಂಜು ಮಂಜು. ಕೆಲವೊಮ್ಮೆ ಲೆನ್ಸ್ ಹೋಗಿ ಗಾಜಿಗೆ ತಾಗುತ್ತದೆ. ಕಾಲು ಗಂಟೆಯಲ್ಲಿ ನೀರು ಆರಿ ಜೀವಿಗಳು ಸಾಯುತ್ತವೆ. ಅಂಗಡಿಯಲ್ಲಿ ಕೇಳಿದರೆ ನಂಬರ್ 1 ಬೇಕಾ 1.5 ಬೇಕಾ, 18 ಬೇಕಾ 22 ಬೇಕಾ ಎಂದು ನನ್ನನ್ನೇ ಕೇಳುತ್ತಾರೆ. ಯಾವುದು ತೆಗೆದುಕೊಳ್ಳಲಿ? ಮಟ್ಟು, ಪಡುಕೆರೆ ಕಡೆಯ ಸಮುದ್ರದ ನೀರನ್ನೂ ಹೀಗೆಯೇ ನೋಡಬಹುದಾ?

ಉತ್ತರ: ಟೀಚರೇ, ಅಂಗಡಿಯವರಿಗೆ ಏನು ಹೇಳಬೇಕು ಎಂಬುದನ್ನು ಮೊದಲು ಮುಗಿಸಿಬಿಡೋಣ. ಗಾಜಿನ ಕವರ್ ಸ್ಲಿಪ್, ನಂಬರ್ 1, 22 × 22 ಮಿಲಿಮೀಟರ್, 10 ಗ್ರಾಮಿನ ಒಂದು ಡಬ್ಬಿ. ಜೊತೆಗೆ 75 × 25 ಅಳತೆಯ ಸಾದಾ ಸ್ಲೈಡ್ ಒಂದು ಪೆಟ್ಟಿಗೆ. ಅಷ್ಟೇ. ಇದಕ್ಕಿಂತ ಜಾಸ್ತಿ ದುಡ್ಡು ಈಗ ಖರ್ಚು ಮಾಡಬೇಡಿ. ನಿಮ್ಮ ತೊಂದರೆಯಲ್ಲಿ ಗಾಜಿನ ಪಾಲು ಕಡಿಮೆ, ನೀರಿನ ಪಾಲು ಹೆಚ್ಚು.

ಪ್ಲಾಸ್ಟಿಕ್ ಸ್ಲಿಪ್ಪಿನ ವಿಷಯ ಬೇಗ ಹೇಳಿಬಿಡುತ್ತೇನೆ. ಅದು ಒಡೆಯುವುದಿಲ್ಲ, ಮಕ್ಕಳ ಬೆರಳು ಕೊಯ್ಯುವುದಿಲ್ಲ. ಒಳ್ಳೆಯ ಗುಣ ಅಲ್ಲಿಗೆ ಮುಗಿಯಿತು. ಅದು ಸಮತಟ್ಟಾಗಿ ಕೂರುವುದಿಲ್ಲ, ನಡುವೆ ಉಬ್ಬುತ್ತದೆ. ಬೇಗ ಗೀರು ಬೀಳುತ್ತದೆ. ನೀರು ಅದರ ಮೇಲೆ ಹರಡದೆ ಮುತ್ತಿನ ಹಾಗೆ ನಿಲ್ಲುವುದರಿಂದ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. 4 ಮತ್ತು 10 ಎಕ್ಸ್‌ಗೆ ಸಣ್ಣ ಮಕ್ಕಳ ಕೈಗೆ ಕೊಡಲು ಇಟ್ಟುಕೊಳ್ಳಿ, 40ಕ್ಕೆ ಬೇಡ.

ಈಗ ನಂಬರ್ ಅಂದರೆ ಎಂಥದು ನೋಡೋಣ. ಅದು ಗಾಜಿನ ದಪ್ಪದ ಲೆಕ್ಕ. ನಂಬರ್ 1 ಅಂದರೆ 0.13ರಿಂದ 0.16 ಮಿ.ಮೀ., 1.5 ಅಂದರೆ 0.16ರಿಂದ 0.19 ಮಿ.ಮೀ. ನಿಮ್ಮ 40 ಎಕ್ಸ್ ಲೆನ್ಸಿನ ಮೈಮೇಲೆ 160/0.17 ಎಂದೋ, ಅಥವಾ ಅಡ್ಡ ಮಲಗಿದ 8ರ ಚಿಹ್ನೆಯ ಪಕ್ಕ 0.17 ಎಂದೋ ಕೆತ್ತಿರುತ್ತದೆ. ಲೆನ್ಸಿಗೂ ಜೀವಿಗೂ ನಡುವೆ 0.17 ಮಿ.ಮೀ. ಗಾಜು ಇದೆ ಎಂದು ಲೆಕ್ಕ ಹಾಕಿಯೇ ಆ ಲೆನ್ಸ್ ಮಾಡಿದ್ದಾರೆ. ಗಾಜು ಅದಕ್ಕಿಂತ ತುಂಬಾ ದಪ್ಪವಾದರೂ, ಅಥವಾ ಇಲ್ಲವೇ ಇಲ್ಲದಿದ್ದರೂ ಚಿತ್ರ ಮಸುಕಾಗುತ್ತದೆ. 4 ಮತ್ತು 10 ಎಕ್ಸ್‌ಗೆ ಇದು ಲೆಕ್ಕಕ್ಕೇ ಇಲ್ಲ. ಅದಕ್ಕೇ ನಿಮಗೆ 10ರಲ್ಲಿ ಪರವಾಗಿಲ್ಲ ಅನಿಸಿದ್ದು.

ಹಾಗಾದರೆ 0.17ಕ್ಕೆ ಹತ್ತಿರದ 1.5 ಅಲ್ವಾ ತೆಗೆದುಕೊಳ್ಳಬೇಕಾದ್ದು? ಗಾಜಿಗೆ ಅಂಟಿಕೊಂಡ, ಬಣ್ಣ ಹಾಕಿದ ಕಾಯಂ ಸ್ಲೈಡಿಗೆ ಹೌದು. ಜೀವಂತ ಜೀವಿಗೆ ಹಾಗಲ್ಲ. ಅದು ಗಾಜಿನ ಅಡಿಗೆ ಅಂಟಿಕೊಂಡು ಕೂರುವುದಿಲ್ಲ, ನೀರಿನಲ್ಲಿ ಕೆಳಗೆಲ್ಲೋ ಈಜುತ್ತಿರುತ್ತದೆ. ಮೇಲಿನ ಗಾಜಿನ ಜೊತೆಗೆ ನಡುವಿನ ನೀರೂ ಬೆಳಕಿನ ದಾರಿಗೆ ಬಂತು. ಗಾಜು ಸ್ವಲ್ಪ ತೆಳುವಾಗಿದ್ದರೆ ಆ ನೀರಿಗೆ ಜಾಗ ಸಿಗುತ್ತದೆ. ಹಾಗಾಗಿ ಕೆರೆ ನೀರಿಗೆ ನಂಬರ್ 1 ತೆಗೆದುಕೊಂಡರೆ ನಷ್ಟವಿಲ್ಲ, ಲಾಭವೇ ಸ್ವಲ್ಪ.

ನಂಬರ್ ಮೇಲೆ ನಂಬಿಕೆ ಇಲ್ಲದಿದ್ದರೆ ಅಳೆದೇ ನೋಡಿ. ಹತ್ತಿರದ ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಇರುತ್ತದೆ, 0.01 ಮಿ.ಮೀ.ವರೆಗೆ ಅಳೆಯುತ್ತದೆ. ಹಿಂದಿನ ರ‍್ಯಾಚೆಟ್ ಹಿಡಿದೇ ತಿರುಗಿಸಿ, ಇಲ್ಲದಿದ್ದರೆ ಗಾಜು ಚಟ್ ಎನ್ನುತ್ತದೆ. ನನಗೆ ಇನ್ನೂ ಇಷ್ಟವಾದ ದಾರಿ ತೂಕದ್ದು. ಪರಿಚಯದ ಚಿನ್ನದ ಅಂಗಡಿಯಲ್ಲಿ 22 × 22ರ ಹತ್ತು ಸ್ಲಿಪ್ ಒಟ್ಟಿಗೆ ತೂಗಿಸಿ. ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ. 1.8 ಗ್ರಾಂ ಆಸುಪಾಸು ಬಂದರೆ ದಪ್ಪ 0.15, 2.06 ಬಂದರೆ 0.17. ಸಾಂದ್ರತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಾ? ನಂಬರ್ 1ರ 10 ಗ್ರಾಂ ಡಬ್ಬಿಯಲ್ಲಿ ಸುಮಾರು 55 ಸ್ಲಿಪ್ ಬರಬೇಕು ಎಂಬುದೂ ಇದೇ ಲೆಕ್ಕದಲ್ಲಿ ಸಿಗುತ್ತದೆ.

ಇನ್ನು ನೀರಿಗೆ ಬರುತ್ತೇನೆ.

ಡ್ರಾಪರಿನಿಂದ ಬೀಳುವ ಒಂದು ಹನಿ ಸುಮಾರು 0.05 ಮಿಲಿಲೀಟರ್. ಅದು 22 × 22 ಸ್ಲಿಪ್ಪಿನ ಕೆಳಗೆ ಪೂರ್ತಿ ಹರಡಿದರೆ ನೀರಿನ ದಪ್ಪ 0.1 ಮಿ.ಮೀ., ಅಂದರೆ 100 ಮೈಕ್ರಾನ್. ಅದೇ ಹನಿ 18 × 18ರ ಕೆಳಗೆ 150 ಮೈಕ್ರಾನ್ ಆಗುತ್ತದೆ, ಸ್ಲಿಪ್ ದೋಣಿಯ ಹಾಗೆ ತೇಲಾಡುತ್ತದೆ. ನಾನು 22 ಹೇಳಿದ್ದು ಇದಕ್ಕೇ. ಕೆರೆ ನೀರಿನ ಒಂದೇ ಕೋಶದ ಜೀವಿ ಪ್ಯಾರಾಮೀಸಿಯಂ ಉದ್ದ 200ರಿಂದ 300 ಮೈಕ್ರಾನ್ ಇದ್ದರೂ ಮೈ ಅಗಲ 50 ಮೈಕ್ರಾನ್ ಆಸುಪಾಸು. 100 ಮೈಕ್ರಾನ್ ನೀರು ಅದಕ್ಕೆ ಎರಡಂತಸ್ತಿನ ಮನೆ. ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ. 40 ಎಕ್ಸ್ ಲೆನ್ಸಿನಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಪದರವೋ, ಬರೀ ಒಂದೆರಡು ಮೈಕ್ರಾನ್. ನೀವು ಫೋಕಸ್ ತಿರುಗಿಸುವುದರೊಳಗೆ ಅದು ಇನ್ನೊಂದು ಮಹಡಿಗೆ ಹೋಗಿರುತ್ತದೆ. ನಿಮಗೆ ಕಂಡ ಮಂಜಿನಲ್ಲಿ ಅರ್ಧ ಪ್ಲಾಸ್ಟಿಕ್ಕಿನದ್ದಾದರೆ ಇನ್ನರ್ಧ ಇದು.

ಆದ್ದರಿಂದ ಅರ್ಧ ಹನಿ ಸಾಕು. ಅರ್ಧ ಹನಿ ಹಾಕುವುದು ಹೇಗೆ ಅಂದರೆ, ಮೆಡಿಕಲ್ ಶಾಪಿನಲ್ಲಿ ಸಿಗುವ 1 ಮಿಲಿಯ ಸಿರಿಂಜ್ ತನ್ನಿ. ಸೂಜಿ ತೆಗೆದು ಸುರಕ್ಷಿತವಾಗಿ ಬೇರೆ ಇಡಿ. ಅದರ ಮೇಲೆ 0.01 ಮಿಲಿಯ ಗೆರೆಗಳಿರುತ್ತವೆ. ಎರಡೂವರೆ ಗೆರೆ ಒತ್ತಿ, ತುದಿಯನ್ನು ಸ್ಲೈಡಿಗೆ ತಾಗಿಸಿ. ನೀರಿನ ದಪ್ಪ 50 ಮೈಕ್ರಾನಿಗೆ ಇಳಿಯಿತು. ಒಂದೇ ಕೋಶದ ಹಸಿರು ಯೂಗ್ಲೀನಾ, ಗಾಜಿನಂಥ ಚಿಪ್ಪಿನ ಡಯಾಟಮ್, ಮೈಮೇಲೆ ರೋಮಗಳಿರುವ ಸಣ್ಣ ಸಿಲಿಯೇಟ್‌ಗಳಿಗೆ ಇದು ಹೇಳಿ ಮಾಡಿಸಿದ ಅಳತೆ. ದೊಡ್ಡ ಜೀವಿಗಳು ಆ ಸಣ್ಣ ತುದಿಯಲ್ಲಿ ಹಿಡಿಸುವುದಿಲ್ಲ, ಅವಕ್ಕೆ ಬಾಯಿ ಅಗಲದ ಡ್ರಾಪರೇ ಬೇಕು.

ಆದರೆ ದಪ್ಪವನ್ನು ನಮಗೆ ಬೇಕಾದ ಹಾಗೆ ಇಳಿಸುವ ಇನ್ನೊಂದು ಉಪಾಯ ಇದೆ. ಇಡೀ ಉತ್ತರದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಅಂಗೈಯ ಅಂಚಿಗೆ ಚೂರು ವ್ಯಾಸಲೀನ್ ತೆಳ್ಳಗೆ ಸವರಿ. ಕವರ್ ಸ್ಲಿಪ್ಪಿನ ಒಂದೊಂದು ಮೂಲೆಯನ್ನೂ ಅದರ ಮೇಲೆ ಮೆಲ್ಲಗೆ ಎಳೆಯಿರಿ. ನಾಲ್ಕು ಮೂಲೆಗೂ ಸಾಸಿವೆಗಿಂತ ಸಣ್ಣ ಕಾಲುಗಳು ಬಂದವು. ಆ ಕಾಲು ಕೆಳಗಾಗಿ ಸ್ಲಿಪ್ಪನ್ನು ಹನಿಯ ಮೇಲಿಡಿ. 10 ಎಕ್ಸ್‌ನಲ್ಲಿ ನೋಡುತ್ತಾ, ಬೆಂಕಿಕಡ್ಡಿಯ ತುದಿಯಿಂದ ಒಂದೊಂದೇ ಮೂಲೆಯನ್ನು ಮೆಲ್ಲ ಒತ್ತುತ್ತಾ ಬನ್ನಿ. ನೀರು ತೆಳುವಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಪ್ಯಾರಾಮೀಸಿಯಂ ನಿಧಾನವಾಗುತ್ತದೆ. ಇನ್ನೊಂದು ಕೂದಲೆಳೆಯಷ್ಟು ಒತ್ತಿದರೆ ಮೇಲಿನ ಗಾಜಿಗೂ ಕೆಳಗಿನ ಗಾಜಿಗೂ ಮೈ ತಾಗಿಸಿಕೊಂಡು ನಿಂತುಬಿಡುತ್ತದೆ. ಆಗ 40 ಹಾಕಿ. ಮೈಯೊಳಗಿನ ಸಂಕೋಚನ ರಸದಾನಿ (ಹೆಚ್ಚಾದ ನೀರನ್ನು ಹೊರಹಾಕುವ ಚೀಲ) ತುಂಬಿ, ಚಕ್ಕನೆ ಕುಗ್ಗಿ, ಮತ್ತೆ ತುಂಬುವುದು ಕಾಣುತ್ತದೆ. ಮಕ್ಕಳು ಅದನ್ನು ನೋಡಿ ಉಸಿರು ಬಿಡುವುದನ್ನೇ ಮರೆಯುತ್ತಾರೆ. ಇನ್ನೂ ಒತ್ತಿದರೆ ಮಾತ್ರ ಒಡೆದು ಹೋಗುತ್ತದೆ. ನಾನೂ ಕಲಿಯುವಾಗ ಎಷ್ಟೋ ಒಡೆದಿದ್ದೇನೆ. ಬ್ಲಾಟಿಂಗ್ ಪೇಪರನ್ನು ಅಂಚಿಗೆ ತಾಗಿಸಿ ನೀರು ಹೀರಿಸಿದರೂ ದಪ್ಪ ಇಳಿಯುತ್ತದೆ. ಆದರೆ ಅದು ಎಳೆಯುವ ವೇಗದಲ್ಲಿ ನೀವು ಹಿಡಿದ ಜೀವಿಯೇ ಪೇಪರಿಗೆ ಹೋಗಿರುತ್ತದೆ.

ನಮ್ಮ ಏಪ್ರಿಲ್ ಸೆಕೆಗೆ ವ್ಯಾಸಲೀನ್ ಮೆತ್ತಗಾಗಿ ಕಾಲು ಕುಸಿಯುತ್ತದೆ. ಎರಡು ಪಾಲು ವ್ಯಾಸಲೀನಿಗೆ ಒಂದು ಪಾಲು ಮೇಣದ ಬತ್ತಿ ಸೇರಿಸಿ, ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಬಟ್ಟಲಿಟ್ಟು ಕರಗಿಸಿಟ್ಟುಕೊಂಡರೆ ಗಟ್ಟಿ ನಿಲ್ಲುತ್ತದೆ.

ಕೆಲವು ಜೀವಿಗಳಿಗೆ ದಪ್ಪ ನೀರೇ ಬೇಕು. ಮಳೆಗಾಲದಲ್ಲಿ ಮುರಕಲ್ಲಿನ ಕಂಪೌಂಡಿನ ಮೇಲೆ ಬೆಳೆಯುವ ಹಸಿರು ಪಾಚಿ ಇದೆಯಲ್ಲ, ಅದನ್ನು ನೀರಿನಲ್ಲಿ ನೆನೆಸಿ ಹಿಂಡಿದರೆ ರೋಟಿಫರ್ ಎಂಬ ಪುಟ್ಟ ಪ್ರಾಣಿಗಳು ಸಿಗುತ್ತವೆ, ಅದೃಷ್ಟ ಇದ್ದರೆ ಎಂಟು ಕಾಲಿನ ಟಾರ್ಡಿಗ್ರೇಡೂ ಸಿಗುತ್ತದೆ. ಇವು ಅರ್ಧ ಮಿಲಿಮೀಟರ್‌ವರೆಗೂ ಉದ್ದ ಇರುತ್ತವೆ. ಬರೀ ಸ್ಲಿಪ್ ಹಾಕಿದರೆ ಜಜ್ಜಿ ಹೋಗುತ್ತವೆ. ಇದಕ್ಕೆ ನಿಮ್ಮೂರಲ್ಲೇ ಒಳ್ಳೆಯ ಸಾಮಾನು ಇದೆ. ಮಲ್ಪೆಯಲ್ಲಿ ಮೀನುಗಾರಿಕೆ ಸಾಮಾನಿನ ಅಂಗಡಿಗೆ ಹೋಗಿ ತೆಳ್ಳಗಿನ ತಂಗೂಸಿ (ನೈಲಾನ್ ಎಳೆ) ಕೇಳಿ. ಅದರ ಉಂಡೆಯ ಮೇಲೆ ದಪ್ಪ ಎಷ್ಟು ಮಿ.ಮೀ. ಎಂದು ಬರೆದಿರುತ್ತದೆ. 0.20 ಮಿ.ಮೀ. ತಂಗೂಸಿಯ ಎರಡು ತುಂಡುಗಳನ್ನು ಸ್ಲಿಪ್ಪಿನ ಎರಡು ಅಂಚಿಗೆ ಕಂಬದ ಹಾಗೆ ಕೊಟ್ಟರೆ ನೀರಿನ ದಪ್ಪ ಸರಿಯಾಗಿ 200 ಮೈಕ್ರಾನ್. ತಂಗೂಸಿ ಸುರುಳಿ ಸುತ್ತಿಕೊಂಡು ಹಠ ಮಾಡುತ್ತದೆ, ಎರಡು ತುದಿಗೂ ಸ್ವಲ್ಪ ವ್ಯಾಸಲೀನ್ ಹಚ್ಚಿ ಕೂರಿಸಿ. ಒಡೆದ ಕವರ್ ಸ್ಲಿಪ್ಪಿನ ಚೂರು ಕೊಟ್ಟರೂ ಆಗುತ್ತದೆ. ತಲೆಕೂದಲು 50ರಿಂದ 100 ಮೈಕ್ರಾನ್ ಬರುತ್ತದೆ, ಅದೂ ಆಗುತ್ತದೆ. ಯಾರ ತಲೆಯದ್ದು ಎಂದು ಮಕ್ಕಳಲ್ಲಿ ಜಗಳ ಆಗದಂತೆ ನೋಡಿಕೊಳ್ಳಿ, ಅಷ್ಟೇ.

ಗುಂಡಿ ಸ್ಲೈಡ್ ತರಿಸಿದ್ದು ದಂಡವಾಯಿತಾ? ಪೂರ್ತಿ ಇಲ್ಲ. ಆ ಗುಂಡಿ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಆಳ ಇರುತ್ತದೆ. 40 ಎಕ್ಸ್ ಲೆನ್ಸಿನ ತುದಿ ಫೋಕಸ್ ಆಗುವಾಗ ಗಾಜಿನಿಂದ ಸುಮಾರು 0.6 ಮಿ.ಮೀ. ಮಾತ್ರ ದೂರ ಇರುತ್ತದೆ. ಗುಂಡಿಯ ತಳದಲ್ಲಿರುವುದನ್ನು ಹಿಡಿಯಲು ಹೋದರೆ ಲೆನ್ಸ್ ಗಾಜಿಗೆ ಒರಗುವಷ್ಟು ಹತ್ತಿರ ಬರುತ್ತದೆ. ನಿಮಗಾದ ಢಿಕ್ಕಿ ಇದೇ. ಅಲ್ಲದೆ ಗುಂಡಿಯ ತಳ ಬಾಗಿರುವುದರಿಂದ ಅದೇ ಒಂದು ಲೆನ್ಸಿನಂತೆ ಕೆಳಗಿನ ಬೆಳಕನ್ನು ತಿರುಚುತ್ತದೆ. ನೀರು ಚಿಗಟ, ಸೊಳ್ಳೆ ಮರಿ, ಎಲೆಗೆ ಅಂಟಿದ ಹೈಡ್ರಾ ಇವನ್ನೆಲ್ಲ 4 ಎಕ್ಸ್‌ನಲ್ಲಿ ತೋರಿಸಲು ಗುಂಡಿ ಸ್ಲೈಡ್ ಚೆನ್ನ.

ಗುಂಡಿ ಸ್ಲೈಡಿನಲ್ಲಿ 40 ಎಕ್ಸ್ ಬಳಸಲೇಬೇಕೆಂದಿದ್ದರೆ ತೂಗು ಹನಿ ಮಾಡಿ. ಗುಂಡಿಯ ಸುತ್ತ ವ್ಯಾಸಲೀನಿನ ಬಳೆ ಬರೆಯಿರಿ. ಕವರ್ ಸ್ಲಿಪ್ಪಿನ ನಡುವೆ ಸಣ್ಣ ಹನಿ ಇಟ್ಟು, ಗುಂಡಿ ಸ್ಲೈಡನ್ನು ಬೋರಲಾಗಿ ಅದರ ಮೇಲೊತ್ತಿ, ಪಟಕ್ಕನೆ ಮಗುಚಿ. ಹನಿ ಗುಂಡಿಯೊಳಗೆ ಮೇಲಿಂದ ಜೋತು ಬಿದ್ದಿರುತ್ತದೆ, ತಳಕ್ಕೆ ತಾಗುವುದಿಲ್ಲ. ಮೇಲಿನ ಗಾಜಿನ ಹತ್ತಿರ ಬಂದ ಜೀವಿಗಳು 40ರಲ್ಲಿ ಚೆನ್ನಾಗಿ ಸಿಗುತ್ತವೆ. ಸುತ್ತ ಮುಚ್ಚಿರುವುದರಿಂದ ಆರುವುದೂ ನಿಧಾನ.

ಲೆನ್ಸ್ ಗಾಜಿಗೆ ತಾಗಲು, ಫೋಕಸ್ಸೇ ಸಿಗದಿರಲು ಇನ್ನೊಂದು ಕಾರಣವೂ ಇದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಸ್ಲೈಡ್ ತಿರುವುಮುರುವಾಗಿ ಇಟ್ಟಿರುತ್ತೇವೆ. ಸ್ಲೈಡಿನ ದಪ್ಪ 1 ಮಿ.ಮೀ. ಮೇಲೆಯೇ ಇರುವಾಗ 0.6 ಮಿ.ಮೀ. ದೂರದ ಲೆನ್ಸಿಗೆ ಅದರಾಚೆ ಏನು ಕಂಡೀತು? ಬಣ್ಣ ಹಾಕಿದ ಸ್ಲೈಡಿನಲ್ಲಿ ಈ ತಪ್ಪನ್ನು ನಾನು ನಿವೃತ್ತಿಯ ವರ್ಷದಲ್ಲೂ ಮಾಡಿದ್ದೇನೆ, ಹುಡುಗರ ಮುಂದೆಯೇ.

100 ಎಕ್ಸ್ ಬಗ್ಗೆ ನೀವು ಕೇಳಲಿಲ್ಲ. ಆದರೆ ಮಕ್ಕಳು ಬಿಡುವುದಿಲ್ಲ, ಕೇಳಿಯೇ ಕೇಳುತ್ತಾರೆ. ನಮ್ಮ ಮಂಗಳೂರು ಕಡೆ ಸ್ಲೈಡ್ ಅಂದರೆ ಜನರಿಗೆ ಮೊದಲು ನೆನಪಾಗುವುದೇ ಮಲೇರಿಯಾ ರಕ್ತ ಪರೀಕ್ಷೆ. ಅಲ್ಲಿ ಕವರ್ ಸ್ಲಿಪ್ಪೇ ಇಲ್ಲ. ಒಣಗಿ ಬಣ್ಣ ಹಾಕಿದ ರಕ್ತದ ಮೇಲೆ ನೇರ ಎಣ್ಣೆ ಹನಿಸಿ 100 ಎಕ್ಸ್ ಇಳಿಸುತ್ತಾರೆ. ಅದನ್ನು ನೋಡಿ ಹಸಿ ಹನಿಗೂ ಹಾಗೇ ಮಾಡಬೇಡಿ. ಎಣ್ಣೆಯೂ ನೀರೂ ಕಲಸಿ ಹೋಗುತ್ತದೆ. ಕವರ್ ಸ್ಲಿಪ್ ಹಾಕಿ ಮಾಡಿದರೂ ಕಷ್ಟ ಇದೆ. ಸ್ಲಿಪ್ ಸಡಿಲ ಇದ್ದರೆ ಎಣ್ಣೆಯ ಅಂಟಿಗೆ ಲೆನ್ಸಿನ ಜೊತೆ ಅದೂ ಓಡಾಡುತ್ತದೆ. 25 ಮೈಕ್ರಾನಿಗಿಂತ ತೆಳು ನೀರು, ಸುತ್ತಲೂ ವ್ಯಾಸಲೀನ್ ಮುಚ್ಚಿಗೆ, ಇಷ್ಟಿದ್ದರೆ ಬ್ಯಾಕ್ಟೀರಿಯಾ ನೋಡಬಹುದು. ಶಾಲೆಯಲ್ಲಿ ಮೊದಲ ವರ್ಷ ಆ ಲೆನ್ಸ್ ಬಿಚ್ಚಿ ಬೀರುವಿನಲ್ಲಿಟ್ಟರೆ ಒಳ್ಳೆಯದು ಮಾರಾಯ್ರೆ.

ಆರುವ ಸಮಸ್ಯೆಗೆ ಮೊದಲ ಮದ್ದು ತಲೆ ಮೇಲಿನ ಫ್ಯಾನ್ ಆಫ್ ಮಾಡುವುದು. ನಗಬೇಡಿ, ಅರ್ಧ ಹನಿ ನೀರಿಗೆ ಅದು ಬಿರುಗಾಳಿ. ಹತ್ತು ನಿಮಿಷಕ್ಕೊಮ್ಮೆ ಸ್ಲಿಪ್ಪಿನ ಅಂಚಿಗೆ ಚೂರು ನೀರು ತಾಗಿಸಿ, ತಾನೇ ಒಳಗೆ ಹೋಗುತ್ತದೆ. ಅದು ಅದೇ ಕೆರೆಯ ನೀರಾಗಿರಲಿ, ಇಲ್ಲವೇ ಬಾವಿ ನೀರು. ನಳ್ಳಿ ನೀರಿನ ಕ್ಲೋರಿನ್ ಈ ಜೀವಿಗಳಿಗೆ ಆಗದು. ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸಿಗೆ ಅದೇ ಸ್ಲೈಡ್ ಬೇಕಾದರೆ ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಒದ್ದೆ ಹತ್ತಿ ಹಾಕಿ, ಎರಡು ಬೆಂಕಿಕಡ್ಡಿಯ ಮೇಲೆ ಸ್ಲೈಡ್ ಇಟ್ಟು ಮುಚ್ಚಿ. ಮರುದಿನದವರೆಗೂ ಬದುಕಿರುತ್ತವೆ.

ತೊಳೆಯುವ ವಿಷಯ. ಹೊಸ ಸ್ಲೈಡಿಗೂ ಜಿಡ್ಡು ಇರುತ್ತದೆ. ಪಾತ್ರೆ ಸೋಪಿನಿಂದ ತೊಳೆದು, ಸೋಪು ಒಂದಿಷ್ಟೂ ಉಳಿಯದಂತೆ ನಾಲ್ಕೈದು ಸಲ ನೀರು ಹಾಕಿ. ಸೋಪಿನ ಅಂಶ ಉಳಿದರೆ ಸಿಲಿಯೇಟ್‌ಗಳು ಸಾಯುತ್ತವೆ. ಒರೆಸಲು ಬೈರಾಸು (ಟವೆಲ್) ಬೇಡ, ನೂಲು ಬಿಡುತ್ತದೆ. ಒಗೆದು ಒಗೆದು ಮೆತ್ತಗಾದ ಹಳೆ ಪಂಚೆಯ ತುಂಡು ಸರಿ. ಒಡೆದ ಕವರ್ ಸ್ಲಿಪ್ ಬೆಂಚಿನ ಮೇಲೆ ಕಣ್ಣಿಗೆ ಕಾಣುವುದಿಲ್ಲ, ಚರ್ಮದೊಳಗೆ ಹೋದ ಮೇಲೇ ಗೊತ್ತಾಗುವುದು. ಅದಕ್ಕೊಂದು ಮುಚ್ಚಳದ ಬಾಟಲಿ ಬೇರೆಯೇ ಇಡಿ.

ಕರಾವಳಿಯವರಿಗೆ ಮಾತ್ರ ಬರುವ ಇನ್ನೊಂದು ಪೀಡೆ ಮಳೆಗಾಲ. ಒಂದು ಜೂನ್‌ನಲ್ಲಿ ಡಬ್ಬಿ ತೆರೆದಿಟ್ಟು ಮರೆತಿದ್ದೆ. ಆಗಸ್ಟ್‌ನಲ್ಲಿ ನೋಡಿದರೆ ಕವರ್ ಸ್ಲಿಪ್‌ಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಇಟ್ಟಿಗೆಯಾಗಿದ್ದವು. ಬಿಡಿಸಿದವುಗಳ ಮೇಲೂ ಬಿಳಿ ಮಬ್ಬು, ಎಷ್ಟು ತೊಳೆದರೂ ಹೋಗದು. ಸಾಮಾನ್ಯ ಸೋಡಾ ಗಾಜಿನ ಮೇಲೆ ತೇವ ಕೂತರೆ ಒಳಗಿನ ಸೋಡಿಯಂ ಮೇಲ್ಮೈಗೆ ಬಂದು ಹೀಗಾಗುತ್ತದೆ. ಬೋರೋಸಿಲಿಕೇಟ್ ಗಾಜು ಇದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ದುಬಾರಿ. ಅದರ ಬದಲು ಹಪ್ಪಳ ಸಂಡಿಗೆಯನ್ನು ಮಳೆಗಾಲಕ್ಕೆ ಹೇಗೆ ಜೋಪಾನ ಮಾಡುತ್ತೇವೋ ಹಾಗೆ ಮಾಡಿ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ದೊಡ್ಡ ಡಬ್ಬಿ ಅಗ್ಗ ಎಂದು ನಾಲ್ಕು ವರ್ಷಕ್ಕಾಗುವಷ್ಟು ತರಬೇಡಿ.

ಕಡೆಯದು ಸಮುದ್ರದ ನೀರು. ಧಾರಾಳವಾಗಿ ನೋಡಬಹುದು. ಅದರ ಡಯಾಟಮ್‌ಗಳಿಗೆ ತೆಳು ನೀರು, ಒಳ್ಳೆ ಗಾಜು, 40 ಎಕ್ಸ್ ಬೇಕು. ಚಿಪ್ಪಿನ ಮೇಲಿನ ಕುಸುರಿ ಕಾಣುವುದು ಆಗಲೇ. ಆರುತ್ತಾ ಹೋದಂತೆ ಉಪ್ಪು ಏರುತ್ತದೆ, ಸಿಹಿ ನೀರು ಸೇರಿಸಿದರೆ ಅಂಚಿನಲ್ಲಿದ್ದ ಜೀವಿಗಳು ಉಬ್ಬಿ ಒಡೆಯುತ್ತವೆ. ಹಾಗಾಗಿ ಸಮುದ್ರದ ಹನಿಗೆ ನಾಲ್ಕೂ ಕಡೆ ವ್ಯಾಸಲೀನಿನಿಂದ ಮುಚ್ಚಿಬಿಡಿ. ಕೆಲಸ ಮುಗಿದ ಮೇಲೆ ಸ್ಲೈಡ್ ಇಡುವ ಸ್ಟೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸದಿದ್ದರೆ ತುಕ್ಕು ಖಂಡಿತ.

2020ರ ಕೊನೆಯಲ್ಲಿ ನಮ್ಮ ಕಡಲಿನ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದದ್ದು ನಿಮಗೂ ನೆನಪಿರಬಹುದು. ಹಾಗೆ ಹೊಳೆಸುವ ಜೀವಿಗಳಲ್ಲಿ ನಾಕ್ಟಿಲೂಕಾ ಒಂದು. ಒಂದೇ ಕೋಶ, ಆದರೂ 1 ಮಿ.ಮೀ. ತನಕ ಬೆಳೆಯುತ್ತದೆ. ಬಲೂನಿನಂತೆ ಗುಂಡಗೆ, ಒಂದು ಸಣ್ಣ ಬಾಲದಂಥ ಅಂಗ ಬೇರೆ. ಸಾದಾ ಸ್ಲೈಡಿನಲ್ಲಿ ಸ್ಲಿಪ್ ಹಾಕಿದರೆ ಅಪ್ಪಚ್ಚಿ. ನೀವು ದಂಡ ಅಂದುಕೊಂಡ ಗುಂಡಿ ಸ್ಲೈಡ್ ಇದಕ್ಕೆ ಬೇಕು. ಕವರ್ ಸ್ಲಿಪ್ಪೇ ಬೇಡ, 4 ಎಕ್ಸ್ ಸಾಕು. ಮುಂದೆ ಎಂದಾದರೂ ಕಡಲು ಹಾಗೆ ಹೊಳೆದರೆ ಅರ್ಧ ಬಾಟಲಿ ನೀರು ತನ್ನಿ, ಪೂರ್ತಿ ತುಂಬಿಸಬೇಡಿ, ಫ್ರಿಜ್ಜಿನಲ್ಲಿಡಬೇಡಿ. ಸ್ಲೈಡಿಗೆ ಹಾಕುವ ಮುಂಚೆ ಕೋಣೆಯ ಕಿಟಕಿ ಮುಚ್ಚಿ, ಮಕ್ಕಳ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದು ನಿಮಿಷ ಬಿಟ್ಟು, ಬಾಟಲಿಯನ್ನು ಒಮ್ಮೆ ಮೆಲ್ಲಗೆ ಅಲ್ಲಾಡಿಸಿ.